ರೇಷ್ಮೆ ಸೀಮೆಯ ಹಿತ್ತಲಲ್ಲಿ ಮಲ್ಲಿಗೆ ಬಳ್ಳಿ

ಬೆಂಗಳೂರು–ಮೈಸೂರು ರಸ್ತೆಯಲ್ಲಿ ರಾಮನಗರ ಮತ್ತು ಚನ್ನಪಟ್ಟಣಗಳ ನಡುವೆ ಕೆಂಗಲ್ ಇದೆ. ಈ ಊರಿನ ಸುತ್ತಮುತ್ತ, ಹಾಗೆಯೇ ಕನಕಪುರ ಮತ್ತು ಮಾಗಡಿ ಕಡೆಗಳಲ್ಲಿ, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವುದು ಅನೇಕ ಕುಟುಂಬಗಳ ಕಸುಬು. ಗೂಡು ಮಾರಲು ರಾಮನಗರದ ಸರ್ಕಾರಿ ಮಾರುಕಟ್ಟೆ ಹತ್ತಿರದಲ್ಲೇ ಇದೆ. ಇದೇ ಸೀಮೆಯ ಹಿತ್ತಲುಗಳಲ್ಲಿ ಮಲ್ಲಿಗೆಯೂ ಹಳೆಯ ಒಕ್ಕಲು. ಬಚ್ಚಲಿನ ಪಕ್ಕದಲ್ಲೋ ಬಾವಿಕಟ್ಟೆಯ ಬಳಿಯಲ್ಲೋ ನೆಟ್ಟ ಒಂದು ಬಳ್ಳಿ ಮನೆಯ ಹೆಣ್ಣುಮಕ್ಕಳ ಮುಡಿಗೂ ದೇವರ ಪೂಜೆಗೂ ಹೂ ಕೊಡುತ್ತದೆ. ಹತ್ತು ಬಳ್ಳಿಗಳಿದ್ದರೆ ಹೂ ಕಟ್ಟಿ ಮೊಳದ ಲೆಕ್ಕದಲ್ಲಿ ಮಾರಿ ಸಂತೆಯ ಖರ್ಚು ತೂಗಿಸಬಹುದು.

ಹಿತ್ತಲ ಮಲ್ಲಿಗೆಯ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರುಗಳು ಎರಡು. ಬಳ್ಳಿ ಸೊಂಪಾಗಿ ಹಬ್ಬಿದೆ, ಹೂ ಮಾತ್ರ ಇಲ್ಲ ಎಂಬುದು ಮೊದಲನೆಯದು. ಮೊಗ್ಗಿಗೆ ಹುಳು ಬಿದ್ದಿದೆ, ಏನು ಔಷಧಿ ಹೊಡೆಯಬೇಕು ಎಂಬುದು ಎರಡನೆಯದು. ಮೊದಲನೆಯದಕ್ಕೆ ಪರಿಹಾರ ಕತ್ತರಿಯಲ್ಲಿದೆ. ಎರಡನೆಯದಕ್ಕೆ ಬೇರೆ ಸೀಮೆಗಳಲ್ಲಿ ಹೇಳುವ ಉತ್ತರವನ್ನು ರೇಷ್ಮೆ ಸೀಮೆಯಲ್ಲಿ ಹಾಗೆಯೇ ಹೇಳಲು ಬರುವುದಿಲ್ಲ. ಮಲ್ಲಿಗೆಯ ಮೊಗ್ಗನ್ನು ಕೊರೆಯುವ ಹುಳುವೂ ರೇಷ್ಮೆಹುಳುವೂ ಚಿಟ್ಟೆ–ಪತಂಗಗಳ ಒಂದೇ ಗುಂಪಿಗೆ ಸೇರಿದವು. ಒಂದನ್ನು ಕೊಲ್ಲುವ ಔಷಧಿ ಇನ್ನೊಂದನ್ನು ಉಳಿಸುವುದಿಲ್ಲ. ಆದ್ದರಿಂದ ಇಲ್ಲಿ ಮಲ್ಲಿಗೆಯನ್ನು ಕತ್ತರಿ, ಗುದ್ದಲಿ ಮತ್ತು ಕೈಯ ಕೆಲಸದಿಂದ ಬೆಳೆಯುವ ಕ್ರಮವನ್ನು ತಿಳಿದುಕೊಳ್ಳುವುದು ಅಗತ್ಯ.

ಯಾವ ಬಳ್ಳಿ ಆರಿಸಬೇಕು?

ಮಲ್ಲಿಗೆ ಎಂಬ ಒಂದೇ ಹೆಸರಿನಲ್ಲಿ ಹಲವು ಜಾತಿಗಳಿವೆ. ಹಿತ್ತಲಿಗೆ ಮುಖ್ಯವಾದವು ನಾಲ್ಕು.

ದುಂಡು ಮಲ್ಲಿಗೆ: ಇದು ಅರೆಬಳ್ಳಿ. ಆಸರೆ ಕೊಟ್ಟರೆ ಹಬ್ಬುತ್ತದೆ, ಸವರಿದರೆ ಪೊದೆಯಾಗಿ ನಿಲ್ಲುತ್ತದೆ. ಮೊಗ್ಗು ದಪ್ಪ, ಪರಿಮಳ ಹೆಚ್ಚು. ಮಾರ್ಚಿಯಿಂದ ಜುಲೈವರೆಗೆ ಹೂವಿನ ಭರ.

ಸೂಜಿ ಮಲ್ಲಿಗೆ: ನಿಜವಾದ ಬಳ್ಳಿ. ಮೊಗ್ಗು ತೆಳುವಾಗಿ ನೀಳವಾಗಿರುತ್ತದೆ. ಒಣ ಹವೆಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಆರಂಭವಾಗಿ ಮಳೆಗಾಲದಲ್ಲೂ ಹೂ ಬಿಡುತ್ತದೆ.

ಜಾಜಿ: ಮೊಗ್ಗಿನ ಹೊರಮೈಯಲ್ಲಿ ನಸುಗೆಂಪು ಛಾಯೆ ಇರುತ್ತದೆ. ಸುಗಂಧ ತೈಲದ ತಯಾರಿಕೆಗೂ ಬಳಕೆಯಾಗುವ ಹೂವು. ಮಳೆಗಾಲ ಆರಂಭವಾದ ಮೇಲೆ ಹೂ ಹೆಚ್ಚು.

ಕಾಕಡ: ಬಹಳ ಗಟ್ಟಿ ಜಾತಿ. ಉಳಿದವು ಹೂ ನಿಲ್ಲಿಸುವ ಚಳಿಗಾಲದಲ್ಲೂ ಹೂ ಕೊಡುತ್ತದೆ. ಆದರೆ ಪರಿಮಳ ತೀರ ಕಡಿಮೆ.

ಪರಿಮಳವೂ ಬೇಕು, ನೀರಿನ ಕೊರತೆಯನ್ನೂ ತಾಳಬೇಕು ಎನ್ನುವವರಿಗೆ ದುಂಡು ಮಲ್ಲಿಗೆ ಮತ್ತು ಸೂಜಿ ಮಲ್ಲಿಗೆಗಳ ಜೋಡಿ ಸೂಕ್ತ. ದುಂಡು ಮಲ್ಲಿಗೆಯ ಭರ ಮದುವೆಯ ಕಾಲಕ್ಕೆ ಒದಗುತ್ತದೆ. ಆಷಾಢದಲ್ಲಿ ಮದುವೆಗಳು ನಿಂತು ಬೇಡಿಕೆ ಇಳಿಯುತ್ತದೆ. ಮತ್ತೆ ಶ್ರಾವಣದ ಹಬ್ಬಗಳಿಗೆ ಬೇಡಿಕೆ ಏರುವಾಗ ಸೂಜಿ ಮಲ್ಲಿಗೆ ಮತ್ತು ಜಾಜಿ ಕೈ ಹಿಡಿಯುತ್ತವೆ. ಭೌಗೋಳಿಕ ಸೂಚಿಕೆ ಪಡೆದ ಮೈಸೂರು, ಉಡುಪಿ ಮತ್ತು ಹಡಗಲಿ ಮಲ್ಲಿಗೆಗಳ ಹೆಸರು ಕೇಳಿ ದೂರದಿಂದ ಸಸಿ ತರುವ ಆಸೆ ಸಹಜ. ಆದರೆ ಆ ಹೆಸರುಗಳು ಆಯಾ ಊರಿನ ಮಣ್ಣು, ಹವೆ ಮತ್ತು ಬೇಸಾಯದೊಂದಿಗೆ ಬೆಳೆದುಬಂದವು. ಅಕ್ಕಪಕ್ಕದಲ್ಲಿ ಚೆನ್ನಾಗಿ ಹೂ ಬಿಡುತ್ತಿರುವ ಆರೋಗ್ಯವಂತ ಬಳ್ಳಿಯಿಂದ ಸಸಿ ಮಾಡಿಕೊಳ್ಳುವುದೇ ಮೇಲು.

ಮಣ್ಣು ಮತ್ತು ಜಾಗ

ಈ ಭಾಗ ರಾಜ್ಯದ ಪೂರ್ವ ಒಣವಲಯಕ್ಕೆ ಸೇರಿದೆ. ಇಲ್ಲಿನ ಕೆಂಪು ಮರಳುಗೋಡು ಮಣ್ಣಿನಲ್ಲಿ ನೀರು ಬೇಗ ಬಸಿಯುವುದರಿಂದ ಅದು ಮಲ್ಲಿಗೆಗೆ ಹಿಡಿಸುತ್ತದೆ. ಬಳ್ಳಿ ಬರವನ್ನು ತಾಳುತ್ತದೆ, ಬುಡದಲ್ಲಿ ನಿಂತ ನೀರನ್ನು ತಾಳುವುದಿಲ್ಲ.

ದಿನಕ್ಕೆ ಆರು ಗಂಟೆಗೆ ಕಡಿಮೆಯಿಲ್ಲದೆ ಬಿಸಿಲು ಬೀಳುವ ಜಾಗ ಬೇಕು. ತೆಂಗು, ಹಲಸುಗಳ ಗಾಢ ನೆರಳಿನಲ್ಲಿ ಎಲೆ ಬೆಳೆಯುತ್ತದೆಯೇ ಹೊರತು ಮೊಗ್ಗು ಬರುವುದಿಲ್ಲ. ಹುಳುಮನೆಯ ಕಿಟಕಿಗೆ ತಾಗಿದಂತೆ ಅಥವಾ ಹಿಪ್ಪುನೇರಳೆ ಸಾಲಿನ ಅಂಚಿನಲ್ಲಿ ಮಲ್ಲಿಗೆ ನೆಡಬಾರದು. ಮನೆಯ ಇನ್ನೊಂದು ಮಗ್ಗುಲನ್ನು ಆರಿಸಬೇಕು. ಇದಕ್ಕೆ ಕಾರಣ ಮುಂದೆ ತಿಳಿಯುತ್ತದೆ.

ಬಟ್ಟೆ ಒಗೆದ ಸಾಬೂನು, ಸೋಡಾ ನೀರನ್ನು ಸದಾ ಬಳ್ಳಿಯ ಬುಡಕ್ಕೇ ಹರಿಯಬಿಡುವ ಪದ್ಧತಿ ಒಳ್ಳೆಯದಲ್ಲ. ಇಂತಹ ನೀರಿನಿಂದ ಮಣ್ಣಿನಲ್ಲಿ ಕ್ಷಾರ ಹೆಚ್ಚಿ, ಕಬ್ಬಿಣದ ಅಂಶ ಬೇರಿಗೆ ದೊರೆಯದಂತಾಗುತ್ತದೆ. ಆಗ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತವೆ.

ಸಸಿ ಮಾಡಿಕೊಳ್ಳುವ ವಿಧಾನ

ಮನೆಮಟ್ಟಿಗೆ ಬಳ್ಳಿಯನ್ನು ಬಗ್ಗಿಸಿ ಬೇರು ಬರಿಸುವುದು ಸುಲಭ. ಜೂನ್‌ನಿಂದ ಅಕ್ಟೋಬರ್‌ವರೆಗೆ, ಚೆನ್ನಾಗಿ ಬಲಿತ ಬಳ್ಳಿಯೊಂದನ್ನು ನೆಲಕ್ಕೆ ಬಗ್ಗಿಸಬೇಕು. ಒಂದು ಗೆಣ್ಣಿನ ಕೆಳಭಾಗದಲ್ಲಿ ಚಾಕುವಿನಿಂದ ಓರೆಯಾಗಿ ಸಣ್ಣ ಸೀಳು ಮಾಡಿ, ಆ ಭಾಗವನ್ನು 10ರಿಂದ 15 ಸೆಂ.ಮೀ. ಆಳದಲ್ಲಿ ಹೂತು, ಮೇಲೊಂದು ಕಲ್ಲಿಡಬೇಕು. ಬಳ್ಳಿಯ ತುದಿ ಹೊರಗಿರಲಿ. ಮಣ್ಣನ್ನು ತೇವವಾಗಿಟ್ಟರೆ ಮೂರು–ನಾಲ್ಕು ತಿಂಗಳಲ್ಲಿ ಬೇರು ಬರುತ್ತದೆ. ಆಗ ತಾಯಿಬಳ್ಳಿಯಿಂದ ಕತ್ತರಿಸಿ ಬೇರ್ಪಡಿಸಬಹುದು. ಹೆಚ್ಚು ಸಸಿಗಳು ಬೇಕಾದಲ್ಲಿ ಅರೆಬಲಿತ ಕಡ್ಡಿಗಳನ್ನು 20 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ನೆರಳಿನಲ್ಲಿ ಮರಳು ಮಿಶ್ರಿತ ಮಣ್ಣಿನಲ್ಲಿ ಊರಬಹುದು.

ಕೊಂಡು ತಂದ ಸಸಿಯ ಬೇರನ್ನು ನೋಡದೆ ನೆಡಬಾರದು. ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳುವಿನ ಲಕ್ಷಣ. ಈ ಜಂತು ಮಲ್ಲಿಗೆಯನ್ನು ಮಾತ್ರವಲ್ಲ, ಹಿಪ್ಪುನೇರಳೆಯನ್ನೂ ಹಿಡಿಯುತ್ತದೆ. ಒಂದು ರೋಗಿಷ್ಠ ಸಸಿಯ ಮಣ್ಣಿನ ಹೆಂಟೆಯೊಡನೆ ಅದು ಸೊಪ್ಪಿನ ತೋಟಕ್ಕೆ ದಾಟಬಹುದು. ಗಂಟುಬೇರಿನ ಸಸಿಯನ್ನು ಮಣ್ಣು ಸಮೇತ ಹಿಂದಿರುಗಿಸಬೇಕು, ಇಲ್ಲವೇ ಸುಡಬೇಕು.

ನಾಟಿ ಮತ್ತು ಆಸರೆ

ಮುಂಗಾರು ಹಿಡಿದ ಮೇಲೆ ನಾಟಿ ಮಾಡುವುದು ಸೂಕ್ತ. ಉದ್ದ, ಅಗಲ, ಆಳ ಒಂದೂವರೆ ಅಡಿ ಇರುವ ಗುಂಡಿಗಳನ್ನು ಮೊದಲೇ ತೆಗೆದು ಬಿಸಿಲಿಗೆ ಬಿಡಬೇಕು. ಪ್ರತಿ ಗುಂಡಿಗೆ ಸುಮಾರು 10 ಕಿ.ಗ್ರಾಂ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮೇಲ್ಮಣ್ಣಿನೊಂದಿಗೆ ಬೆರೆಸಿ ತುಂಬಬೇಕು. ದುಂಡು ಮಲ್ಲಿಗೆಗೆ ಎರಡೂ ಕಡೆ 1.25 ಮೀಟರ್, ಸೂಜಿ ಮಲ್ಲಿಗೆ ಮತ್ತು ಜಾಜಿಗೆ 1.5 ಮೀಟರ್ ಅಂತರ ಸಾಕು. ಈ ಲೆಕ್ಕದಲ್ಲಿ ಹತ್ತು ದುಂಡು ಮಲ್ಲಿಗೆ ಬಳ್ಳಿಗಳಿಗೆ ಸುಮಾರು 16 ಚದರ ಮೀಟರ್ ಜಾಗ ಹಿಡಿಯುತ್ತದೆ.

ಬಳ್ಳಿಯನ್ನು ಮನೆಯ ಮಾಡಿನ ಮೇಲೆ ಇಲ್ಲವೇ ಮರಕ್ಕೆ ಹಬ್ಬಿಸುವುದು ವಾಡಿಕೆ. ನೋಟಕ್ಕೆ ಚೆಂದ, ಕೊಯ್ಲಿಗೆ ಕಷ್ಟ. ಏಣಿ ಇಲ್ಲದೆ ಎಟುಕದ ಮೊಗ್ಗು ಅಲ್ಲೇ ಅರಳಿ ಉದುರುತ್ತದೆ. ಹುಳು ಬಿದ್ದ ಮೊಗ್ಗೂ ಅಲ್ಲೇ ಉಳಿದು ಕೀಟದ ತವರಾಗುತ್ತದೆ. ಆದ್ದರಿಂದ ನಿಂತು ಮೊಗ್ಗು ಬಿಡಿಸಲು ಬರುವಂತೆ ಎದೆಮಟ್ಟದ ಚಪ್ಪರ ಅಥವಾ ಎರಡು ಗೂಟಗಳ ನಡುವೆ ಎಳೆದ ತಂತಿ ಸಾಕು.

ಸವರಿದರೆ ಹೂ

ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಳೆಯ ಬಳ್ಳಿ ಉದ್ದಕ್ಕೆ ಹರಿದಷ್ಟೂ ಹೊಸ ಚಿಗುರು ಕಡಿಮೆಯಾಗುತ್ತದೆ, ಹೂವೂ ಕಡಿಮೆಯಾಗುತ್ತದೆ. ಹೂವಿಲ್ಲದ ಸೊಂಪಾದ ಬಳ್ಳಿಗೆ ಸಾಮಾನ್ಯವಾಗಿ ಇದೇ ಕಾರಣ. ಹಿಪ್ಪುನೇರಳೆಯನ್ನು ಬುಡಮಟ್ಟಕ್ಕೆ ಕಟಾವು ಮಾಡಿ ಹೊಸ ಸೊಪ್ಪು ತೆಗೆಯುವ ರೈತನಿಗೆ ಇದು ಹೊಸ ವಿದ್ಯೆಯೇನಲ್ಲ. ಆದರೆ ಹೂವಿನ ಬಳ್ಳಿಗೆ ಕತ್ತರಿ ಹಾಕಲು ಅದೇ ಕೈ ಹಿಂಜರಿಯುತ್ತದೆ. ಈ ಹಿಂಜರಿಕೆಯನ್ನು ಬಿಡಬೇಕು.

ದುಂಡು ಮಲ್ಲಿಗೆಯನ್ನು ನವೆಂಬರ್ ಕೊನೆಯ ವಾರದಲ್ಲಿ, ಎಂದರೆ ಕಾರ್ತಿಕ ಮುಗಿಯುವ ಹೊತ್ತಿಗೆ, ನೆಲದಿಂದ ಸುಮಾರು 50 ಸೆಂ.ಮೀ. ಎತ್ತರಕ್ಕೆ ಸವರಬೇಕು. ಸೂಜಿ ಮಲ್ಲಿಗೆ ಮತ್ತು ಜಾಜಿಗೆ ಸಂಕ್ರಾಂತಿ ಕಳೆದು ಜನವರಿ ಕೊನೆಯ ವಾರ ತಕ್ಕ ಕಾಲ. ಇವನ್ನು 45ರಿಂದ 50 ಸೆಂ.ಮೀ.ಗೆ ಸವರಬಹುದು.

ಸವರುವ 10–15 ದಿನ ಮೊದಲೇ ನೀರು ನಿಲ್ಲಿಸಬೇಕು. ಬಳ್ಳಿ ಸ್ವಲ್ಪ ಬಾಡಿ ಎಲೆ ಉದುರಿಸಿದರೆ ಗಾಬರಿ ಬೇಡ, ಈ ವಿಶ್ರಾಂತಿ ಅದಕ್ಕೆ ಬೇಕು. ಈ ಭಾಗದಲ್ಲಿ ಹಿಂಗಾರು ಕೆಲವು ವರ್ಷ ನವೆಂಬರ್‌ನಲ್ಲೂ ಮುಂದುವರಿಯುತ್ತದೆ. ಅಂತಹ ವರ್ಷ ತಾರೀಖಿಗೆ ಕಟ್ಟುಬೀಳದೆ, ಮಳೆ ನಿಂತು ಮಣ್ಣು ಒಣಗಿದ ಮೇಲೆ ಸವರುವುದು ಲೇಸು. ಒಣಗಿದ, ಒಂದಕ್ಕೊಂದು ಹೆಣೆದುಕೊಂಡ ಮತ್ತು ರೋಗ ತಗುಲಿದ ಬಳ್ಳಿಗಳನ್ನು ತೆಗೆಯಬೇಕು. ಕತ್ತರಿ ಹರಿತವಾಗಿರಲಿ. ಸೀಳಿದ ಗಾಯ ಬೇಗ ಮಾಯುವುದಿಲ್ಲ. ಬಹಳ ವರ್ಷಗಳಿಂದ ಸವರದ ಮುದಿ ಬಳ್ಳಿಯನ್ನು ಒಂದೇ ಸಲಕ್ಕೆ ಬೋಳಿಸುವ ಬದಲು ಮೊದಲ ವರ್ಷ ಅರ್ಧ, ಮರುವರ್ಷ ಇನ್ನರ್ಧ ಸವರಬಹುದು.

ಗೊಬ್ಬರ ಮತ್ತು ನೀರು

ಸವರಿದ ನಂತರ ಬುಡದ ಮಣ್ಣನ್ನು ಸಡಿಲಿಸಿ, ಬಳ್ಳಿಗೆ 10 ಕಿ.ಗ್ರಾಂ.ನಂತೆ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಕೊಡಬೇಕು. ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸಿನಂತೆ ಬೆಳೆದ ಬಳ್ಳಿಯೊಂದಕ್ಕೆ ವರ್ಷಕ್ಕೆ 60 ಗ್ರಾಂ ಸಾರಜನಕ, 120 ಗ್ರಾಂ ರಂಜಕ ಮತ್ತು 120 ಗ್ರಾಂ ಪೊಟ್ಯಾಷ್ ಬೇಕು. ಇದನ್ನು ಎರಡು ಸಮಕಂತುಗಳಲ್ಲಿ ಕೊಡುವುದಾದರೆ ಪ್ರತಿ ಕಂತಿಗೆ ಯೂರಿಯಾ 65 ಗ್ರಾಂ, ಸೂಪರ್ ಫಾಸ್ಫೇಟ್ 375 ಗ್ರಾಂ ಮತ್ತು ಮ್ಯೂರಿಯೇಟ್ ಆಫ್ ಪೊಟ್ಯಾಷ್ 100 ಗ್ರಾಂ ಆಗುತ್ತದೆ. ಮೊದಲ ಕಂತು ಸವರಿದಾಗ, ಎರಡನೆಯದು ಜೂನ್–ಜುಲೈನಲ್ಲಿ. ಮಣ್ಣು ಪರೀಕ್ಷೆ ಮಾಡಿಸಿ ಈ ಪ್ರಮಾಣವನ್ನು ಹೊಂದಿಸಿಕೊಳ್ಳುವುದು ಒಳ್ಳೆಯದು. ಎಳೆಯ ಬಳ್ಳಿಗೆ ಇಷ್ಟು ಬೇಡ. ಯೂರಿಯಾ ಮಿತಿಮೀರಿದರೆ ಎಲೆ ಹೆಚ್ಚಿ ಮೊಗ್ಗು ಇಳಿಯುತ್ತದೆ.

ಚಿಗುರು ಬಂದು ಮೊಗ್ಗು ಕಾಣಿಸುವ ಸಮಯದಿಂದ ವಾರಕ್ಕೊಮ್ಮೆ, ಕಡು ಬೇಸಿಗೆಯಲ್ಲಿ ವಾರಕ್ಕೆರಡು ಬಾರಿ ನೀರು ಕೊಡಬೇಕು. ಬುಡಕ್ಕೆ ಒಣಹುಲ್ಲು ಅಥವಾ ತೆಂಗಿನ ಗರಿಯ ಹೊದಿಕೆ ಹಾಕಿದರೆ ತೇವ ಉಳಿಯುತ್ತದೆ.

ಮೊಗ್ಗಿನ ಶತ್ರುಗಳು

ಮೊಗ್ಗು ಕೊರಕ: ಬಿಳಿ ಬಣ್ಣದ ಸಣ್ಣ ಪತಂಗದ ಮರಿಹುಳು ಮೊಗ್ಗಿಗೆ ತೂತು ಕೊರೆದು ಒಳಗಿನ ಎಸಳುಗಳನ್ನು ತಿನ್ನುತ್ತದೆ. ಪಕ್ಕದ ಮೊಗ್ಗುಗಳನ್ನು ನೂಲಿನಿಂದ ಹೆಣೆದು ಒಂದರಿಂದ ಒಂದಕ್ಕೆ ದಾಟುತ್ತದೆ. ಹೆಣೆದ ಗೊಂಚಲು ಕಂಡೊಡನೆ ಪೂರ್ತಿ ಗೊಂಚಲನ್ನು ಚಿವುಟಬೇಕು.

ಮೊಗ್ಗಿನ ನೊಣ: ಸೊಳ್ಳೆಯಂತಹ ಅತಿ ಸಣ್ಣ ನೊಣ ಮೊಗ್ಗಿನಲ್ಲಿ ಮೊಟ್ಟೆ ಇಡುತ್ತದೆ. ಮೊಗ್ಗಿನ ಬುಡ ಊದಿ, ಬಣ್ಣ ನಸುನೇರಳೆಗೆ ತಿರುಗಿ, ಅರಳದೆ ಒಣಗುತ್ತದೆ. ಇದರ ಮರಿಗಳು ನೆಲಕ್ಕೆ ಬಿದ್ದು ಮಣ್ಣಿನಲ್ಲಿ ಕೋಶಾವಸ್ಥೆ ಕಳೆಯುತ್ತವೆ.

ಎರಡಕ್ಕೂ ಮೊದಲ ಮದ್ದು ಕೈಯಲ್ಲೇ ಇದೆ. ಬೆಳಿಗ್ಗೆ ಹೂ ಬಿಡಿಸುವಾಗ ಬೇರೊಂದು ಡಬ್ಬಿ ಜೊತೆಗಿರಲಿ. ತೂತು ಬಿದ್ದ, ನೇರಳೆಯಾದ ಮೊಗ್ಗುಗಳನ್ನೆಲ್ಲ ಅದಕ್ಕೆ ಹಾಕಿ, ಕುದಿಯುವ ನೀರು ಸುರಿದು ನಂತರ ಹೂಳಬೇಕು. ಅವನ್ನು ಬುಡದಲ್ಲೇ ಉದುರಿಸಿದರೆ ಕೀಟವನ್ನು ಬಿತ್ತಿದಂತೆ. ಹತ್ತು–ಹದಿನೈದು ದಿನಕ್ಕೊಮ್ಮೆ ಬುಡದ ಮೇಲ್ಮಣ್ಣನ್ನು ಕೆದಕಿ ಬಿಸಿಲಿಗೆ ಒಡ್ಡಬೇಕು. ಬಿದ್ದ ಎಲೆ, ಹೂ ಗುಡಿಸಿ ತೆಗೆಯಬೇಕು. ಮಾರದೆ ಉಳಿದ ದಿನವೂ ಮೊಗ್ಗನ್ನು ಬಳ್ಳಿಯಲ್ಲಿ ಬಿಡಬಾರದು. ಹತ್ತು–ಇಪ್ಪತ್ತು ಬಳ್ಳಿಗಳ ಹಿತ್ತಲಲ್ಲಿ ಈ ಕೆಲಸ ಸಾಧ್ಯ.

ಬೇಸಿಗೆಯಲ್ಲಿ ಎಲೆಯ ಅಡಿಯಲ್ಲಿ ಕೆಂಪು ನುಸಿ ಹತ್ತಿ ಎಲೆ ಮಂಕಾದರೆ, ಬೆಳಗಿನ ವೇಳೆ ಎಲೆಯ ತಳಭಾಗಕ್ಕೆ ರಭಸವಾಗಿ ತಿಳಿನೀರು ಹಾಯಿಸಿ ತೊಳೆಯಬೇಕು. ಎಳೆ ಎಲೆ ಹಳದಿಯಾದರೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿಯಂತೆ ಕರಗಿಸಿ, ಹಸಿರು ಮರಳುವ ತನಕ ತಿಂಗಳಿಗೊಮ್ಮೆ ಎಲೆಗಳಿಗೆ ಕೊಡಬೇಕು. ಬುಡ ಕೊಳೆತು ಬಳ್ಳಿ ಒಮ್ಮೆಗೇ ಬಾಡಿದರೆ ಅದನ್ನು ಬೇರುಸಹಿತ ಕಿತ್ತು ಸುಟ್ಟು, ಅದೇ ಗುಂಡಿಯಲ್ಲಿ ಮತ್ತೆ ನೆಡದಿರುವುದು ಒಳಿತು. ಜಂತುಹುಳುವಿನ ಹತೋಟಿಗೆ ಬಳ್ಳಿಗಳ ನಡುವೆ ಚೆಂಡುಹೂ ಬೆಳೆಯಬಹುದು.

ಸಿಂಪರಣೆ ಏಕೆ ಬೇಡ?

ಕೀಟನಾಶಕ ಹೊಡೆದ ಮೇಲೆ ಇಂತಿಷ್ಟು ದಿನ ಕೊಯ್ಯಬಾರದೆಂಬ ನಿಯಮವಿದೆ. ಮಲ್ಲಿಗೆಯನ್ನು ದಿನವೂ ಕೊಯ್ಯಬೇಕು. ಹೂವಿನ ಭರದಲ್ಲಿ ಸಿಂಪಡಿಸಿದರೆ ಆ ವಿಷ ಹೂ ಬಿಡಿಸುವ ಕೈಗೆ, ಕಟ್ಟುವ ಬೆರಳಿಗೆ, ಮುಡಿಗೆ ಬರುತ್ತದೆ. ಇದು ಎಲ್ಲ ಊರಿಗೂ ಅನ್ವಯಿಸುವ ಮಾತು.

ರೇಷ್ಮೆ ಸೀಮೆಯಲ್ಲಿ ಇನ್ನೂ ಒಂದು ಅಪಾಯ ಇದೆ. ಗಾಳಿಯಲ್ಲಿ ತೇಲಿದ ಹನಿ ಪಕ್ಕದ ಹಿಪ್ಪುನೇರಳೆಯ ಎಲೆಯ ಮೇಲೆ ಕೂತರೆ ಕಣ್ಣಿಗೆ ಕಾಣುವುದಿಲ್ಲ. ಅಂತಹ ಸೊಪ್ಪು ತಿಂದ ಹುಳುಗಳು ತಲೆ ಎತ್ತಿ ತೂಗಾಡುತ್ತವೆ, ಬಾಯಿಂದ ದ್ರವ ಕಕ್ಕುತ್ತವೆ, ಮೈ ಕುಗ್ಗಿ ಸಾಯುತ್ತವೆ. ಮೊಟ್ಟೆ ಒಡೆದು ಹುಳು ಹಣ್ಣಾಗಲು ಸುಮಾರು 25 ದಿನ ಹಿಡಿಯುತ್ತದೆ. ನಾಲ್ಕನೇ ಜ್ವರ ಎದ್ದ ಮೇಲಿನ ದಿನಗಳಲ್ಲೇ ಹುಳು ಒಟ್ಟು ಸೊಪ್ಪಿನ ನಾಲ್ಕು ಪಾಲಿಗಿಂತ ಹೆಚ್ಚನ್ನು, ಐದರಲ್ಲಿ, ತಿಂದು ಮುಗಿಸುತ್ತದೆ. ಖರ್ಚೆಲ್ಲ ಆದ ಮೇಲೆ, ಗೂಡು ಕಟ್ಟುವ ಮುನ್ನ, ಬೆಳೆ ಕೈಬಿಡುವುದೆಂದರೆ ಇದೇ. ನಷ್ಟ ಸಿಂಪಡಿಸಿದವನದೇ ಆಗಿರಬೇಕೆಂದಿಲ್ಲ, ನೆರೆಯವನದೂ ಆಗಬಹುದು.

ಜೈವಿಕ ಔಷಧಿ ಆದೀತೆ ಎಂಬ ಪ್ರಶ್ನೆ ಬರುತ್ತದೆ. ಇಲ್ಲೇ ಹೆಚ್ಚಿನ ಎಚ್ಚರ ಬೇಕು. ಕೊರಕ ಹುಳುಗಳಿಗೆ ಮಾರಾಟವಾಗುವ ಬಿ.ಟಿ. ಎಂಬ ಸೂಕ್ಷ್ಮಾಣುವನ್ನು ಮೊಟ್ಟಮೊದಲು ಗುರುತಿಸಿದ್ದೇ ಜಪಾನಿನಲ್ಲಿ, 1901ರಲ್ಲಿ, ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ. ಬಿವೇರಿಯಾ ಎಂಬ ಶಿಲೀಂಧ್ರ ರೇಷ್ಮೆ ರೈತರಿಗೆ ಹಳೆಯ ಪರಿಚಯ. ಸುಣ್ಣಕಟ್ಟು ರೋಗ ತರುವುದು ಅದೇ. ಇಟಲಿಯ ಅಗಸ್ಟಿನೊ ಬಾಸ್ಸಿ 1835ರಲ್ಲಿ ಈ ರೋಗಕ್ಕೆ ಶಿಲೀಂಧ್ರವೇ ಕಾರಣವೆಂದು ತೋರಿಸಿದರು. ಬೇವಿನ ಔಷಧಿಯೂ ನಿರಪಾಯವಲ್ಲ. ಅದರಲ್ಲಿನ ಸತ್ವ ಹುಳುವಿನ ಹಸಿವನ್ನು ಕೆಡಿಸುತ್ತದೆ, ಪೊರೆ ಬಿಡುವ ಕ್ರಿಯೆಗೆ ಅಡ್ಡಿಯಾಗುತ್ತದೆ. ಬೇರೆ ಕಡೆ ಮೆಚ್ಚತಕ್ಕ ಈ ಮೂರೂ ಹುಳುಮನೆಯ ಪಕ್ಕದಲ್ಲಿ ಸಲ್ಲವು.

ಕೀಟ ಮಿತಿಮೀರಿ ಸಿಂಪರಣೆ ಅನಿವಾರ್ಯವೆನಿಸಿದರೆ ತಜ್ಞರ ಸಲಹೆ ಪಡೆದು ಈ ಕ್ರಮಗಳನ್ನು ಪಾಲಿಸಬೇಕು:

1. ಸವರಿದ ನಂತರ, ಬಳ್ಳಿಯಲ್ಲಿ ಹೂವಿಲ್ಲದ ಅವಧಿಯಲ್ಲಿ ಮಾತ್ರ ಸಿಂಪಡಿಸಬೇಕು.
2. ಸ್ವಂತ ಹುಳುಮನೆಯಲ್ಲಾಗಲಿ ನೆರೆಯವರ ಮನೆಯಲ್ಲಾಗಲಿ ಹುಳು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮುಂಚಿತವಾಗಿ ಅವರಿಗೆ ತಿಳಿಸಬೇಕು.
3. ಗಾಳಿ ಹಿಪ್ಪುನೇರಳೆಯ ಕಡೆ ಬೀಸುವಾಗ ಸಿಂಪಡಿಸಬಾರದು.
4. ಸಿಂಪರಣಾ ಯಂತ್ರವನ್ನಾಗಲಿ, ಔಷಧಿ ಬೆರೆಸಿದ ಬಕೆಟ್ಟನ್ನಾಗಲಿ ಹುಳುಮನೆಯ ಕೆಲಸಕ್ಕೆ ಬಳಸಬಾರದು. ಸಿಂಪಡಿಸಿದ ಬಟ್ಟೆಯಲ್ಲಿ ಸೊಪ್ಪು ಕೊಯ್ಯಬಾರದು.
5. ಸೊಪ್ಪಿನ ಮೇಲೆ ಹನಿ ಬಿದ್ದ ಸಂಶಯವಿದ್ದರೆ ಆ ಸಾಲಿನ ಸೊಪ್ಪನ್ನು ಹುಳುಗಳಿಗೆ ಹಾಕಬಾರದು. ಹಾಕಿದ್ದರೆ ತಕ್ಷಣ ತೆಗೆದು, ಗಾಳಿಯಾಡಲು ಬಿಟ್ಟು, ಬೇರೆ ತೋಟದ ತಾಜಾ ಸೊಪ್ಪು ಕೊಟ್ಟು, ರೇಷ್ಮೆ ಇಲಾಖೆಯ ಸಿಬ್ಬಂದಿಗೆ ತಿಳಿಸಬೇಕು.

ಕೊಯ್ಲು ಮತ್ತು ಇಳುವರಿ

ಮಲ್ಲಿಗೆಯ ಮೊಗ್ಗು ಸಂಜೆ ಅರಳುತ್ತದೆ. ಅರಳುವಾಗಲೇ ಪರಿಮಳ ಹೊರಬೀಳುತ್ತದೆ. ಆದ್ದರಿಂದ ಅಂದು ಸಂಜೆ ಅರಳಲಿರುವ, ಪೂರ್ಣ ಬಲಿತು ಬೆಳ್ಳಗಾದ ಮೊಗ್ಗನ್ನು ನಸುಕಿನಲ್ಲೇ ಬಿಡಿಸಬೇಕು. ಅದು ಬಿಡಿಸಿದ ಮೇಲೂ ಅರಳಿ ಪರಿಮಳ ಕೊಡುತ್ತದೆ. ಹಸಿರು ಬಿಡದ ಎಳೆಮೊಗ್ಗು ಅರಳುವುದೂ ಇಲ್ಲ, ಪರಿಮಳಿಸುವುದೂ ಇಲ್ಲ. ಬಿಡಿಸಿದ ಮೊಗ್ಗನ್ನು ಒದ್ದೆ ಬಟ್ಟೆ ಅಥವಾ ಬಾಳೆ ಎಲೆಯಲ್ಲಿ ನೆರಳಿನಲ್ಲಿಟ್ಟು, ನೆನೆಸಿದ ಬಾಳೆನಾರಿನಲ್ಲಿ ಕಟ್ಟಬಹುದು.

ಎರಡನೇ ವರ್ಷದಿಂದ ಲೆಕ್ಕಕ್ಕೆ ಸಿಗುವಷ್ಟು ಹೂ ಬರುತ್ತದೆ. ತಮಿಳುನಾಡಿನಲ್ಲಿ ಉತ್ತಮ ನಿರ್ವಹಣೆಯ ದುಂಡು ಮಲ್ಲಿಗೆ ತೋಟಕ್ಕೆ ಹೇಳುವ ಇಳುವರಿ ಹೆಕ್ಟೇರಿಗೆ ಸುಮಾರು 8.5 ಟನ್. ಹೆಕ್ಟೇರಿಗೆ 6,400 ಬಳ್ಳಿಗಳೆಂದರೆ ಬಳ್ಳಿಗೆ ವರ್ಷಕ್ಕೆ ಒಂದೂಕಾಲು ಕಿ.ಗ್ರಾಂ.ಗಿಂತ ತುಸು ಹೆಚ್ಚು. ಸಿಂಪರಣೆ ಇಲ್ಲದ ಹಿತ್ತಲಲ್ಲಿ ಇದಕ್ಕಿಂತ ಕಡಿಮೆಯನ್ನೇ ನಿರೀಕ್ಷಿಸಬೇಕು. ಉಡುಪಿಯ ಶಂಕರಪುರದ ಸುತ್ತ ಅನೇಕ ಕುಟುಂಬಗಳು ಮನೆಯಂಗಳದ ಗಿಡಗಳಿಂದಲೇ ಮಲ್ಲಿಗೆ ವ್ಯಾಪಾರ ನಡೆಸುತ್ತಿವೆ. ಸಣ್ಣ ಜಾಗ ಇದಕ್ಕೆ ಅಡ್ಡಿಯಲ್ಲ ಎಂಬುದಕ್ಕೆ ಇದು ನಿದರ್ಶನ.

ವರ್ಷದ ಕೆಲಸ ಒಂದು ನೋಟದಲ್ಲಿ

ನವೆಂಬರ್: ನೀರು ನಿಲ್ಲಿಸುವುದು, ಕೊನೆಯ ವಾರ ದುಂಡು ಮಲ್ಲಿಗೆ ಸವರುವುದು, ಮೊದಲ ಕಂತು ಗೊಬ್ಬರ.
ಜನವರಿ: ಕೊನೆಯ ವಾರ ಸೂಜಿ ಮಲ್ಲಿಗೆ ಮತ್ತು ಜಾಜಿ ಸವರುವುದು, ಅವಕ್ಕೆ ಗೊಬ್ಬರ.
ಫೆಬ್ರವರಿ–ಮೇ: ತಪ್ಪದೆ ನೀರು, ಹುಳು ಬಿದ್ದ ಮೊಗ್ಗು ಆರಿಸುವುದು, ಮೇಲ್ಮಣ್ಣು ಕೆದಕುವುದು, ನುಸಿಗೆ ನೀರು ಹಾಯಿಸುವುದು.
ಜೂನ್–ಜುಲೈ: ಎರಡನೇ ಕಂತು ಗೊಬ್ಬರ, ಹೊಸ ನಾಟಿ, ಬುಡದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ.
ಆಗಸ್ಟ್–ಅಕ್ಟೋಬರ್: ಬಳ್ಳಿ ಹೂತು ಸಸಿ ಮಾಡುವುದು, ಕಳೆ ತೆಗೆಯುವುದು.

ಒಟ್ಟಿನಲ್ಲಿ, ಮಲ್ಲಿಗೆ ಗಟ್ಟಿ ಬಳ್ಳಿ. ಒಂದೆರಡು ಹಿಡಿ ಮೊಗ್ಗು ಹುಳುವಿನ ಪಾಲಾದರೆ ಬಳ್ಳಿ ಸಾಯುವುದಿಲ್ಲ, ಮುಂದಿನ ಚಿಗುರಿನಲ್ಲಿ ಮತ್ತೆ ಹೂ ಕೊಡುತ್ತದೆ. ಹುಳುಮನೆಯ ಬೆಳೆ ಹಾಗಲ್ಲ. ಒಮ್ಮೆ ಕೆಟ್ಟರೆ ಆ ಬೆಳೆಯೇ ಹೋಯಿತು. ಯಾವುದನ್ನು ಉಳಿಸಲು ಯಾವುದನ್ನು ಸ್ವಲ್ಪ ಬಿಟ್ಟುಕೊಡಬೇಕೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಹೆಚ್ಚಿನ ಮಾಹಿತಿ ಬೇಕಾದವರು ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಸಮೀಪದ ತೋಟಗಾರಿಕೆ ಮತ್ತು ರೇಷ್ಮೆ ಇಲಾಖೆಗಳ ಕಚೇರಿಗಳನ್ನು ಸಂಪರ್ಕಿಸಬಹುದು.